ನಾರ್ಮಲ್ ರಿಪೋರ್ಟಿನ ಬಾಣಂತಿ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ. ನಾನಾಗ ಮೈಸೂರಿನ ಕುವೆಂಪುನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ರಕ್ತರೋಗ ತಜ್ಞೆ. ಒಂದು ಬೆಳಿಗ್ಗೆ ದಂತವೈದ್ಯರೊಬ್ಬರು ಶೋಭಾ ಎಂಬ ಹುಡುಗಿಯನ್ನು ನನ್ನಲ್ಲಿಗೆ ಕಳುಹಿಸಿದರು. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದವಳು. ದವಡೆಹಲ್ಲು ಕೀಳಿಸಿಕೊಂಡು ಮರುದಿನವಾದರೂ ರಕ್ತ ಜಿನುಗುತ್ತಲೇ ಇತ್ತು. ಮುಟ್ಟಿನ ಸ್ರಾವ ಹೇಗಿರುತ್ತದೆ ಎಂದು ಕೇಳಿದೆ. ಜೊತೆಗಿದ್ದ ತಾಯಿ ಜಯಮ್ಮ ತಾವೇ ಉತ್ತರಿಸಿದರು.

“ಜಾಸ್ತೀನೇ ಹೋಯ್ತದೆ. ನಮ್ಮನೆ ಹೆಣ್ಮಕ್ಕಳಿಗೆಲ್ಲಾ ಅಂಗೇ. ಅದೇನ್ ಕಾಯ್ಲೆ ಅಲ್ಲ ಬುಡಿ ಡಾಕ್ಟ್ರೇ.”

ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಸರಿಯಾಗಿತ್ತು. ಕಡಿಮೆಯಿದ್ದುದು ವಾನ್ ವಿಲಿಬ್ರಾಂಡ್ ಫ್ಯಾಕ್ಟರ್ ಎಂಬ ಪ್ರೋಟೀನು. ರಕ್ತನಾಳ ಹರಿದ ಜಾಗಕ್ಕೆ ಪ್ಲೇಟ್‌ಲೆಟ್‌ಗಳನ್ನು ಅಂಟಿಸುವ ಗೋಂದು ಅದು. ಅದರ ಮಟ್ಟ ಬಹುಮಟ್ಟಿಗೆ ವಂಶದಿಂದ ಬರುವಂಥದ್ದು. ಓ ಗುಂಪಿನ ರಕ್ತದವರಲ್ಲಿ ಸ್ವಭಾವತಃ ಇನ್ನೂ ಕೊಂಚ ಕಡಿಮೆ. ಆದ್ದರಿಂದಲೇ ದೋಷವಿರುವ ಒಂದೇ ಜೀನ್ ಪಡೆದ ಒಡಹುಟ್ಟಿದವರಲ್ಲೂ ಒಬ್ಬರಿಗೆ ಹೆಚ್ಚು ತೊಂದರೆ, ಇನ್ನೊಬ್ಬರಿಗೆ ಕಡಿಮೆ. ಜಯಮ್ಮನವರ ರಕ್ತವನ್ನೂ ನೋಡಿದೆ, ಅವರಲ್ಲೂ ಕಡಿಮೆಯೇ.

“ಮನೆಯಲ್ಲಿ ಇನ್ನು ಯಾರಿದ್ದಾರೆ?” ಎಂದೆ.

ಶೋಭಾಳ ಅಕ್ಕ ಸವಿತಾ ಇದ್ದಳು, ಎಂಟು ತಿಂಗಳ ಬಸುರಿ. ಅವಳನ್ನು ಕರೆಸಿ ಪರೀಕ್ಷಿಸಿದೆ. ರಿಪೋರ್ಟ್ ನಾರ್ಮಲ್ ಬಂತು. ಅವಳ ಗಂಡ ಮಹದೇವ ನಿರಾಳವಾಗಿ ಉಸಿರು ಬಿಟ್ಟ.

“ಅಲ್ಲಿಗೆ ಮುಗೀತಲ್ಲ ಮೇಡಂ?”

ಮುಗಿದಿರಲಿಲ್ಲ. ಬಸುರಿನಲ್ಲಿ ಈ ಪ್ರೋಟೀನು ತಾನಾಗಿಯೇ ಏರುತ್ತದೆ, ಹೆರಿಗೆಯಾದ ಮೇಲೆ ಮತ್ತೆ ಇಳಿಯುತ್ತದೆ. ದೋಷದ ಜೀನ್ ಇದ್ದರೆ ಅಪಾಯ ಬರುವುದು ಎಲ್ಲರೂ ನಿಶ್ಚಿಂತರಾಗಿರುವ ಬಾಣಂತನದಲ್ಲೇ. ಹೆರಿಗೆಯ ನಂತರ ಮತ್ತೆ ಮತ್ತೆ ಪರೀಕ್ಷೆಗೆ ಬರಬೇಕು, ಗಂಡನ ಮನೆಯವರಿಗೂ ವಿಷಯ ತಿಳಿಸಿರಬೇಕು ಎಂದೆ.

ಜಯಮ್ಮನವರ ಮುಖ ಬಿಗಿಯಿತು. “ಸಣ್ಣವಳಿಗೆ ಗಂಡು ನೋಡ್ತಾ ಇದೀವಿ. ರಕ್ತದಲ್ಲೇ ದೋಷ ಐತೆ ಅಂತ ಊರೆಲ್ಲಾ ಹಬ್ಬಿದ್ರೆ ಎಂಗೆ?”

ನಾನು ಉತ್ತರಿಸುವ ಮೊದಲೇ ಶೋಭಾ ಅಂದಳು: “ನನ್ ಮದ್ವೆ ಆಮೇಲೆ ಆಗ್ಲಿ ಕಣಮ್ಮ. ಅಕ್ಕನ್ನ ಉಳಿಸ್ಕೊಳೋದು ನೋಡು. ಅತ್ತೆಯೋರಿಗೆ ನಾನೇ ಹೇಳ್ತೀನಿ.”

ಹೇಳಿಯೂ ಬಿಟ್ಟಳು. ಸವಿತಾಳ ಅತ್ತೆ ಮೊದಲು ಮುನಿಸಿಕೊಂಡರಂತೆ.

ಹೆರಿಗೆ ಸುಸೂತ್ರವಾಯಿತು, ಹೆಣ್ಣುಮಗು. ಮೊದಲ ವಾರದ ಪರೀಕ್ಷೆಯಲ್ಲಿ ಮಟ್ಟ ಇಳಿಯತೊಡಗಿತ್ತು. ಅಗತ್ಯ ಬಿದ್ದರೆ ಇರಲೆಂದು ಔಷಧವನ್ನು ತರಿಸಿ ಆಸ್ಪತ್ರೆಯಲ್ಲೇ ಇರಿಸಿಕೊಂಡೆ. ಎರಡನೆಯ ವಾರ ಒಂದು ಮಧ್ಯಾಹ್ನ ಸವಿತಾಳಿಗೆ ಒಮ್ಮೆಲೇ ರಕ್ತಸ್ರಾವ ಜೋರಾಯಿತು. ಬಾಣಂತಿಗೆ ಇದೆಲ್ಲ ಇದ್ದದ್ದೇ ಎಂದು ಯಾರೂ ಕೂರಲಿಲ್ಲ. ಮುನಿಸಿಕೊಂಡಿದ್ದ ಅತ್ತೆಯೇ ಆಟೋ ನಿಲ್ಲಿಸಿ, ಸೊಸೆಯನ್ನು ತೋಳಿನಲ್ಲಿ ಹಿಡಿದು ಕರೆತಂದಿದ್ದರು. ಸವಿತಾ ಬಿಳುಚಿಕೊಂಡಿದ್ದಳು, ನಾಡಿ ಓಡುತ್ತಿತ್ತು. ಆ ಪ್ರೋಟೀನನ್ನೇ ಸಾಂದ್ರ ರೂಪದಲ್ಲಿ ಡ್ರಿಪ್ಪಿನಲ್ಲಿ ಕೊಟ್ಟೆವು, ಎರಡು ಬಾಟಲಿ ರಕ್ತವನ್ನೂ ಏರಿಸಿದೆವು. ಸಂಜೆಯ ಹೊತ್ತಿಗೆ ಸ್ರಾವ ಹತೋಟಿಗೆ ಬಂತು.

ಮರುದಿನ ವಾರ್ಡಿನ ಹೊರಗೆ ಜಯಮ್ಮ ನನ್ನನ್ನು ತಡೆದರು. ತಮ್ಮ ತಂಗಿ ಗೌರಿಯ ವಿಷಯ ಅವರು ಹೇಳಿದ್ದು ಆಗ. ತವರಿನಲ್ಲಿ ಹೆತ್ತು, ಮಗು ಇನ್ನೂ ಹಸುಗೂಸಾಗಿದ್ದಾಗಲೇ ರಕ್ತ ಹರಿದು ತೀರಿಕೊಂಡವಳು.

“ಅವತ್ತು ನನಗೆ ಜ್ವರ. ಅವಳೇ ಬೋರ್‌ವೆಲ್ಲಿಂದ ಒಂದು ಕೊಡ ನೀರು ತಂದ್ಳು. ಹಸಿಬಾಣಂತಿ ಕೈಲಿ ನೀರು ಹೊರಿಸಿ ಕೊಂದ್ಬುಟ್ಟೆ ಅಂತ ನಮ್ಮವ್ವ ಸಾಯೋವರ್ಗೂ ಅಂದ್ಲು. ಅದಕ್ಕಲ್ವಾ ಡಾಕ್ಟ್ರೇ ಅವಳು ಹೋಗಿದ್ದು?”

ಗೌರಿಯ ರಕ್ತವನ್ನು ನಾನು ನೋಡಿರಲಿಲ್ಲ. ಖಚಿತವಾಗಿ ಹೇಳಲಾರೆ ಎಂದೆ. ಆದರೆ ಒಂದು ಕೊಡ ನೀರಿಗೆ ಯಾರೂ ಹಾಗೆ ಸಾಯುವುದಿಲ್ಲ. ಬಹುಶಃ ಸವಿತಾಳಿಗೆ ಆದದ್ದೇ ಗೌರಿಗೂ ಆಗಿತ್ತು ಎಂದೆ.

ಜಯಮ್ಮ ಅಲ್ಲೇ ಬೆಂಚಿನ ಮೇಲೆ ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಂಡರು. ರೌಂಡ್ಸಿಗೆ ತಡವಾಗುತ್ತಿತ್ತು. ಆದರೂ ಅವರು ಏಳುವವರೆಗೆ ಪಕ್ಕದಲ್ಲೇ ಕುಳಿತಿದ್ದೆ.

ವಂಶಾವಳಿ ಬರೆದುಕೊಳ್ಳುವಾಗ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಎಂದಷ್ಟೇ ಕೇಳುವುದು ನಮ್ಮ ರೂಢಿ. ಆಮೇಲೆ ನಾನು ಇನ್ನೊಂದು ಪ್ರಶ್ನೆಯನ್ನು ಸೇರಿಸಿಕೊಂಡೆ: ಯಾರಾದರೂ ಅಕಾಲದಲ್ಲಿ ಹೋದರೇ, ಹೋದಾಗ ಜನ ಯಾರನ್ನು ದೂರಿದರು? ಅದಕ್ಕೆ ಬರುವ ಉತ್ತರದಲ್ಲಿ ಎಷ್ಟೋ ಸಲ ರೋಗ ಸಿಕ್ಕಿದೆ. ಕೆಲವು ಸಲ, ತಪ್ಪಿಲ್ಲದೆ ತಪ್ಪು ಹೊತ್ತವರೊಬ್ಬರು ನನ್ನ ಎದುರಿಗೇ ಕುಳಿತಿರುತ್ತಾರೆ.