ಮಾವ ಹಾಕಿದ ತಪ್ಪು ಗುರುತು

ಮೊನ್ನೆ ಯಲಹಂಕದ ಗೊಬ್ಬರದಂಗಡಿ ಮುಂದೆ ಹಾದುಹೋಗುವಾಗ ಗಂಧಕದ ಪುಡಿಯ ಘಾಟು ಮೂಗಿಗೆ ಬಡಿಯಿತು. ದ್ರಾಕ್ಷಿ ಬಳ್ಳಿಗೆ ರೋಗ ಬರದಂತೆ ಹೊಡೆಯುವ ಪುಡಿ. ನನಗೆ ಮಾತ್ರ ಅದು ಮಾವನ ಅಂಗಿಯ ವಾಸನೆ...

ಮಾವ ಅಂದರೆ ಅಮ್ಮನ ಒಬ್ಬನೇ ತಮ್ಮ. ರಾಜಾನುಕುಂಟೆಯಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿದ್ದ. ನಾನು ತೊಟ್ಟಿಲಲ್ಲಿದ್ದಾಗಲೇ ನನ್ನನ್ನು ಅವನಿಗೇ ಕೊಡುವುದೆಂದು ಹಿರಿಯರು ಮಾತಾಡಿಕೊಂಡಿದ್ದರು. ನಮ್ಮಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವುದು ಹೊಸದೇನಲ್ಲ. ತೊಟ್ಟಿಲಲ್ಲಿದ್ದವಳನ್ನು ಕೇಳುವ ಪದ್ಧತಿ ಇರಲಿಲ್ಲ, ಎದ್ದು ಓಡಾಡತೊಡಗಿದ ಮೇಲೂ ಯಾರೂ ಕೇಳಲಿಲ್ಲ. ಪಿಯುಸಿ ಹೊತ್ತಿಗೆ ನಾನು ಲಾ ಓದುತ್ತೇನೆಂದು ಹಟ ಹಿಡಿದೆ. ಪ್ರವೇಶ ಪರೀಕ್ಷೆಯಲ್ಲಿ ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಈ ವರ್ಷವೇ ಮದುವೆ ಅಂದಳು ಅಮ್ಮ.

ಆಗಿನ್ನೂ ಹೊಸ ವಿಮಾನ ನಿಲ್ದಾಣ ಶುರುವಾದ ಹೊಸತು. ಕೋಗಿಲಿನ ನಮ್ಮ ಮನೆಯಿಂದ ಆರ್.ಟಿ. ನಗರದ ಕೋಚಿಂಗಿಗೆ ಮಾವನೇ ಬೈಕಿನಲ್ಲಿ ಬಿಡುತ್ತಿದ್ದ. ಭಾನುವಾರ ಗಡಿಯಾರ ಹಿಡಿದು ಎದುರಿಗೆ ಕೂರುತ್ತಿದ್ದ, ನಾನು ಲಾಜಿಕ್ ಪ್ರಶ್ನೆ ಬಿಡಿಸಬೇಕು. ದುಂಡು ಮೇಜಿನ ಸುತ್ತ ಆರು ಜನ, ಇವನ ಪಕ್ಕ ಅವನು ಕೂರುವಂತಿಲ್ಲ... ನಮ್ಮ ನೆಂಟರ ಮದುವೆ ಊಟದ ಸಾಲೇ ಸರಿ. ನಾನು ಫೇಲಾದರೆ ಲಾಭ ಇವನಿಗೇ ಎಂಬುದು ತಲೆಯಲ್ಲಿ ಕೊರೆಯುತ್ತಿತ್ತು. ಕದ್ದು ಕದ್ದು ಗೋಡೆ ಗಡಿಯಾರ ನೋಡುತ್ತಿದ್ದೆ.

"ನಾನೇನ್ ಟೈಮ್ ಕದೀತೀನೇನೇ? ನೀನ್ ಬರಿ," ಅಂದ ಒಮ್ಮೆ. ನನಗೆ ನಾಚಿಕೆಯಾಯಿತು. ಭಯ ಮಾತ್ರ ಹೋಗಲಿಲ್ಲ.

ಪರೀಕ್ಷೆಗೆ ಒಂದು ವಾರವಿತ್ತು. ಆ ಭಾನುವಾರದ ಒಂದು ಪ್ರಶ್ನೆಯಲ್ಲಿ, ಒಬ್ಬ ಹೆಂಗಸು ಫೋಟೋ ತೋರಿಸಿ, "ಈತ ನನ್ನ ತಾಯಿಯ ಒಬ್ಬನೇ ತಮ್ಮ" ಅನ್ನುತ್ತಾಳೆ. ಆತ ಅವಳಿಗೆ ಏನಾಗಬೇಕು? ನಾಲ್ಕು ಆಯ್ಕೆಗಳಿದ್ದವು. ನಾನು ಒಂದಕ್ಕೆ ಗುರುತು ಹಾಕಿ ಮುಂದೆ ಹೋದೆ. ಉತ್ತರ ತಾಳೆ ನೋಡುತ್ತಿದ್ದ ಮಾವ ಅಲ್ಲಿಗೆ ಬಂದು ನಿಂತುಬಿಟ್ಟ. ನಾನು ಗುರುತು ಹಾಕಿದ್ದು 'ಗಂಡ' ಎಂಬುದಕ್ಕೆ.

ತಲೆಯಲ್ಲಿ ಕೊರೆಯುತ್ತಿದ್ದ ಭಯವೇ ಕೈಗೆ ಬಂದುಬಿಟ್ಟಿತ್ತು. ಅವನು ನಗಲಿಲ್ಲ.

"ಈ ಮದ್ವೆ ನಿಂಗಿಷ್ಟ ಇಲ್ಲ, ಅಲ್ವಾ?"

ತಲೆ ಎತ್ತದೆ, ಇಷ್ಟವಿಲ್ಲವೆಂದೆ. ಅವನು ಕೆಂಪು ಪೆನ್ನು ತೆಗೆದು ನನ್ನ ಉತ್ತರಕ್ಕೆ ತಪ್ಪು ಹಾಕಿದ.

"ಉತ್ತರದಲ್ಲಿ ಅಂಕಲ್ ಅಂತ ಅದೆ. ಪರೀಕ್ಷೇಲೂ ಅಂಗೇ ಆಕು. ನಾನು ಮಾವಾನೇ ಕಣೇ."

ಸೀದಾ ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದ್ದು ಇಷ್ಟೇ: "ಅಕ್ಕ, ನಂಗೆ ಈ ಸಂಬಂಧ ಬ್ಯಾಡ."

ಸೀಟು ಸಿಕ್ಕಿತು. ಅಮ್ಮ ಮಾತ್ರ ತಮ್ಮನ ಜೊತೆ ಮಾತು ಬಿಟ್ಟಳು. ಸಾಕಿ ಬೆಳೆಸಿದ ಅಕ್ಕನ ಮಗಳನ್ನೇ ಬೇಡ ಅಂದನಲ್ಲ ಎಂಬ ಸಿಟ್ಟು. ಬೇಡ ಅಂದದ್ದು ನಾನು ಎಂದು ಎಷ್ಟು ಸಲ ಹೇಳಿದರೂ, "ಲಾಯರ್ ಆಗೋಕ್ ಮುಂಚೆನೇ ಅವನ್ ಪರ ವಾದ ಮಾಡ್ತಿದೀಯ," ಎಂದು ಬಾಯಿ ಮುಚ್ಚಿಸುತ್ತಿದ್ದಳು. ಮಾವನೂ ಅವಳ ತಪ್ಪು ತಿಳುವಳಿಕೆಯನ್ನು ತಿದ್ದಲಿಲ್ಲ. ಹೋದ ವರ್ಷ ತೋಟದಲ್ಲೇ ಕುಸಿದುಬಿದ್ದು ತೀರಿಕೊಂಡ...

ಮೊನ್ನೆ ಮನೆಗೆ ಬಂದು, ಮಾವನ ನೆನಪಾಯಿತು ಅಂದೆ. ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಕೈ ನಿಲ್ಲಿಸಿದಳು.

"ನಿಜ ಹೇಳು. ಅವತ್ತು ಬೇಡ ಅಂದಿದ್ದು ನೀನೇನಾ?"

"ನಾನೇ ಅಮ್ಮ."

ಅಮ್ಮ ಕಾಳಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನೀನು ಹಾಸ್ಟೆಲಲ್ಲಿದ್ದಾಗ, ಗೌರಿ ಹಬ್ಬಕ್ಕೆ ಸೀರೆ ತಗೊಂಡ್ ಬಂದಿದ್ದ ಕಣೇ. ಹೊರಗೆ ನಿಂತ್ಕೊಂಡು ಅಕ್ಕ, ಅಕ್ಕ ಅಂತ ಕರೀತಾನೇ ಇದ್ದ. ನಾನು ಬಾಗಿಲೇ ತೆಗೀಲಿಲ್ಲ."