ಹಲಗೆಯ ಮೈ

ಪುಣೆಯ ನಮ್ಮ ಕಟ್ಟಿಗೆ ಗಿರಣಿಯಲ್ಲಿ ಗರಗಸ ನಡೆಸುತ್ತಿದ್ದ ಬೆಳಗಾವಿಯ ಮಿಸ್ತ್ರಿ, ಕೊಯ್ದ ಹಲಗೆಯನ್ನು ಕೂಸಿನ ಬೆನ್ನಿನಂತೆ ಸವರುತ್ತಿದ್ದರು. "ಮೈ ಕೆಡಬಾರದ್ರಿ" ಎಂಬುದು ಅವರ ಮಾತು.

ತಿರುಗುವ ಗರಗಸ ಒಮ್ಮೊಮ್ಮೆ ಹಲಗೆಯನ್ನು ಹಿಂದಕ್ಕೆ ಎಸೆಯುತ್ತದೆ. ಹಾಗೆ ಹಿಂದೆ ಸರಿಯುವ ಹಲಗೆಯನ್ನು ಕಚ್ಚಿ ತಡೆಯುವ ವಿಲಾಯತಿ ಕಬ್ಬಿಣದ ಹಲ್ಲು ತರಿಸೋಣವೆಂದೆ. ನೆಗಡಿ ಬಂದರೂ ಮೃತ್ಯುಪತ್ರ ಬರೆಯಲು ಕೂಡುವ ಆಸಾಮಿ ನಾನು.

"ಸಾಗವಾನಿ ಮ್ಯಾಲೆ ಗೀರು ಬೀಳ್ತಾವ್ರಿ ರಾಯರ. ಒತ್ತಿ ಹಿಡಿಯೋ ಕಟ್ಟಿಗಿ ಹಣಿಗಿ ಸಾಕು. ನಿಮ್ಮ ಅಂಜಿಕಿಗೆ ಹಲಗಿಗ್ಯಾಕ ಗಾಯ?"

ಬಾಚಣಿಗೆಯಂತೆ ಸೀಳಿದ ಆ ಕಟ್ಟಿಗೆಯ ಹಣಿಗೆಯನ್ನೇ ಕೂಡಿಸಿದೆವು. ಶ್ರಾವಣದಲ್ಲಿ ಒಂದು ಹಸಿ ಹಲಗೆ ಅದನ್ನು ಮುರಿದು ಹಾರಿ ಬಂದು ಅವರ ಬಲ ಮಣಿಕಟ್ಟನ್ನು ಪುಡಿ ಮಾಡಿತು. ಊರಿಗೆ ಹೋದವರು ಮರಳಲಿಲ್ಲ.

ಈಗ ಕಬ್ಬಿಣದ ಹಲ್ಲು ಕೂಡಿಸಿದ್ದೇವೆ. ಪ್ರತಿ ಹಲಗೆಗೂ ಗೀರು ಬೀಳುತ್ತದೆ. ಇದುವರೆಗೆ ಒಬ್ಬ ಗಿರಾಕಿಯೂ ಅದೇನೆಂದು ಕೇಳಿಲ್ಲ.