ಕರಡಿಗೆ ಬರೆದ ಗವಿ

ಮನೆಯ ಗೇಟಿಗೆ ಬಣ್ಣ ಹಚ್ಚಿಸುತ್ತಿದ್ದೆ. ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಟ್ಟೂರಿನ ನಮ್ಮ ಓಣಿಯ ಪೇಂಟರ್ ಕಾಕಾ ನೆನಪಾದರು... ಇಪ್ಪತ್ತು ವರ್ಷದ ಮೇಲಾಯಿತು.

ಸುತ್ತಲಿನ ಗೋಡೆಗಳ ಮೇಲೆ ರಸಗೊಬ್ಬರ, ಸಿಮೆಂಟು, ಬನಿಯನ್ನುಗಳ ಮಹಿಮೆ ಸಾರಿದ ಮಹಾನುಭಾವರು ಅವರು. ಒಮ್ಮೆ ಒಂದು ಮೃಗಾಲಯದಿಂದ ಕರೆ ಬಂತು. ಪ್ರಾಣಿಗಳಿರುವ ಜಾಗದ ಹಿಂದಿನ ಗೋಡೆಗೆ ಕಾಡು ಬರೆಯಬೇಕು. ಮೊದಲು ಕರಡಿಯದು, ಒಪ್ಪಿಗೆಯಾದರೆ ಹುಲಿಯದೂ ಅವರಿಗೇ. ಪ್ರಾಣಿಗಳ ಹೆಸರಿನ ಫಲಕ ಬರೆಯಲು ಡ್ರಾಯಿಂಗ್ ಮಾಸ್ತರನಾದ ನನ್ನನ್ನೂ ಕರೆದೊಯ್ದರು.

"ಸಾಯೂದ್ರೊಳಗ ಒಂದು ಹುಲಿ ಬರೀಬೇಕು ಮಾಸ್ತರ. ಗೊಬ್ಬರದ ಚೀಲ ಬರದು ಬರದು ಸಾಕಾಗೇತಿ" ಎಂದಿದ್ದರು.

ಮೃಗಾಲಯದ ಸಾಹೇಬರು ಮಾದರಿಗೆಂದು ಕೊಟ್ಟ ಕ್ಯಾಲೆಂಡರಿನಲ್ಲಿ ಜಲಪಾತವಿತ್ತು. ಕಾಕಾ ಅದನ್ನು ಹಾಸಿಕೊಂಡು ಕುಳಿತರು.

"ಗುಡೇಕೋಟಿ ಒಣಗುಡ್ಡದ ಕರಡಿ ಇದು. ಇದರಪ್ಪ ಕಂಡಿದ್ದನೇನು ಇಂಥ ನೀರು?"

ಬಂಡೆ, ಬಾರಿಹಣ್ಣಿನ ಗಿಡ, ನಡುವೆ ಒಂದು ಕಪ್ಪು ಗವಿ ಬರೆದರು. ಒಳಗಿಂದ ತಂಪು ಬೀಸುವಂತಿತ್ತು. ಸಾಹೇಬರೂ ಜಲಪಾತ ಮರೆತರು.

ಬಣ್ಣ ಒಣಗಿದ ಮೇಲೆ ಕರಡಿಯನ್ನು ಬಿಟ್ಟರು. ಅದು ನೆಟ್ಟಗೆ ಗವಿಗೇ ನುಗ್ಗಿತು. ಮೂತಿ ಗೋಡೆಗೆ ಬಡಿಯಿತು. ಹಿಂದೆ ಸರಿದು ಮತ್ತೆ ನುಗ್ಗಿತು... ಜನ ಚಪ್ಪಾಳೆ ತಟ್ಟಿದರು. ಮೂರನೆಯ ದಿನ ಮೂತಿಯಲ್ಲಿ ರಕ್ತ.

"ಗವಿ ಅಳಸ್ತೀನ್ರಿ ಸಾಹೇಬ್ರ" ಎಂದರು ಕಾಕಾ.

"ಜನ ಅದನ್ನ ನೋಡಾಕ ಬರಾಕತ್ಯಾರ! ಅಳಿಸಿದ್ರ ಹುಲಿ ಗ್ವಾಡಿ ಬ್ಯಾರೆಯವ್ರಿಗೆ ಕೊಡ್ತೀನಿ ನೋಡ್ರಿ."

ಕಾಕಾ ನನ್ನ ಮುಖ ನೋಡಿದರು. ನಾನು ಫಲಕದ ಮೇಲಿನ ಅಕ್ಷರವೊಂದರ ಕೊಂಬು ತಿದ್ದುವುದರಲ್ಲಿ ಮಗ್ನನಾದೆ. ಅಷ್ಟು ಶ್ರದ್ಧೆಯಿಂದ ಲೋಕದಲ್ಲಿ ಯಾರೂ ಕೊಂಬು ತಿದ್ದಿರಲಾರರು.

ಮರುದಿನ ಆಳುಗಳು ಕರಡಿಯನ್ನು ಪಕ್ಕದ ಕೋಣೆಯಲ್ಲಿ ಕೂಡಿಹಾಕಿ ಕಸ ಗುಡಿಸುತ್ತಿದ್ದಾಗ, ಕಾಕಾ ಒಳಹೊಕ್ಕು ಗವಿಗೆ ಬೂದುಬಣ್ಣ ಬಳಿದು ಬಂಡೆ ಮಾಡಿಬಿಟ್ಟರು. ಬಣ್ಣ ಆರಿದ ಮೇಲೆ ಕರಡಿ ಬಂತು, ಮೂಸಿತು, ಗೋಡೆಗೆ ಬೆನ್ನು ಹಚ್ಚಿ ಮಲಗಿತು.

"ಮಲಕ್ಕೋಪಾ, ತಪ್ಪು ನಂದು" ಎಂದರು ಕಾಕಾ.

ಸಾಹೇಬರು ಎಲ್ಲರೆದುರು ಬೈದು ಕಳಿಸಿದರು. ಹುಲಿಯ ಗೋಡೆಗೆ ಬೇರೆ ಯಾರೋ ಜಲಪಾತ ಬರೆದರು. ಕಾಕಾ ಗೊಬ್ಬರದ ಚೀಲಕ್ಕೆ ಮರಳಿದರು. ಮುಂದೆ ಪ್ಲಾಸ್ಟಿಕ್ ಬ್ಯಾನರುಗಳು ಬಂದು ಅದೂ ಹೋಯಿತು... ಆಮೇಲೆ ಅವರೂ ಹೋದರು. ಹುಲಿ ಬರೆಯಲೇ ಇಲ್ಲ.

ಆ ದಿನ ನಾನೂ ಒಂದು ಮಾತು ಆಡಬಹುದಿತ್ತೆಂದು ಈಗ ಅನ್ನಿಸುತ್ತದೆ. ಆಡಿದ್ದರೆ ಹುಲಿಯ ಗೋಡೆ ಸಿಗುತ್ತಿತ್ತೆಂದೇನಲ್ಲ. ಬೈಗುಳವನ್ನಾದರೂ ಇಬ್ಬರೂ ಹಂಚಿಕೊಳ್ಳುತ್ತಿದ್ದೆವು.